ನಾಗಾವಿ ಶಾಸನದ ‘ಸರಸ್ವತಿ ಭಂಡಾರಿಗರು’ ನಮ್ಮ ಶಾಲೆಗಳಿಗೂ ಬರಲಿ

ಮಾನ್ಯ ಸಂಪಾದಕರೇ,

ಭಾರತೀಯ ಜ್ಞಾನ ಪರಂಪರೆಯನ್ನು ಶಾಲಾ ಶಿಕ್ಷಣದೊಳಗೆ ತರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದಂದಿನಿಂದ ಈ ಕುರಿತ ವಾದ-ವಿವಾದವೆಲ್ಲ ಯಾವ ಪಾಠ ಸೇರಬೇಕು, ಯಾವುದನ್ನು ಕೈಬಿಡಬೇಕು ಎಂಬಲ್ಲಿಯೇ ಸುತ್ತುತ್ತಿದೆ. ಹಿಂದಿನವರು ಶಾಲೆಯನ್ನು ಹೇಗೆ ನಡೆಸುತ್ತಿದ್ದರು ಎಂದು ಕೇಳುವವರು ಕಡಿಮೆ. ಅದಕ್ಕೆ ಉತ್ತರ ನಮ್ಮ ಜಿಲ್ಲೆಯ ಕಲ್ಲಿನ ಮೇಲೆಯೇ ಇದೆ.

ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯಾಕೇಂದ್ರ, ಇತ್ತು. ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನ ದತ್ತಿಯನ್ನು ದಾಖಲಿಸುವ 1058ರ ಶಾಸನವು ವೇದ ಕಲಿಯುವ 200 ಮತ್ತು ಶಾಸ್ತ್ರ ಕಲಿಯುವ ಐವತ್ತರಷ್ಟು ವಿದ್ಯಾರ್ಥಿಗಳ ಊಟ-ಬಟ್ಟೆಗೆ, ಉಪಾಧ್ಯಾಯರ ಜೀವನಕ್ಕೆ ಭೂಮಿ ಬಿಟ್ಟುದನ್ನು ಹೇಳುವುದಲ್ಲದೆ, ಆರು ಮಂದಿ ಸರಸ್ವತಿ ಭಂಡಾರಿಗರನ್ನೂ, ಅಂದರೆ ಗ್ರಂಥಪಾಲಕರನ್ನೂ, ಹೆಸರಿಸುತ್ತದೆ. ಓಲೆಗರಿಯ ಕಾಲದಲ್ಲಿ ಇನ್ನೂರೈವತ್ತು ಮಕ್ಕಳಿಗೆ ಆರು ಮಂದಿ! ಇಂದು ನಮ್ಮ ಭಾಗದ ಎಷ್ಟೋ ಸರ್ಕಾರಿ ಪ್ರೌಢಶಾಲೆಗಳಲ್ಲಿ ಆ ಕೆಲಸಕ್ಕೆ ಒಬ್ಬರೂ ಇಲ್ಲ. ಬಂದ ಪುಸ್ತಕಗಳು ಮುಖ್ಯೋಪಾಧ್ಯಾಯರ ಕೊಠಡಿಯ ಅಲ್ಮಾರಿಯಲ್ಲಿ ಬೀಗದೊಳಗಿರುತ್ತವೆ, ಒಂದು ಹರಿದರೆ ಲೆಕ್ಕ ಕೊಡಬೇಕಾದೀತೆಂಬ ಅಂಜಿಕೆಯಿಂದ ಮಕ್ಕಳ ಕೈಗೆ ಬರುವುದಿಲ್ಲ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ರಾಜ್ಯದಲ್ಲೇ ಕಡೆಯ ಸ್ಥಾನಕ್ಕೆ ಇಳಿದುದಕ್ಕೆ ಇದೊಂದೇ ಕಾರಣವೆನ್ನಲಾರೆ. ಆದರೆ ಪಠ್ಯದಾಚೆ ಒಂದು ಪುಟವನ್ನೂ ಓದದೆ ಹತ್ತನೆಯ ತರಗತಿಗೆ ಬಂದ ಮಗುವಿಗೆ ಪರೀಕ್ಷೆಯ ಮುಂಚಿನ ವಿಶೇಷ ತರಗತಿ ಎಷ್ಟು ನೆರವಾದೀತು?

ಘಟಿಕಾಸ್ಥಾನದ ಬಾಗಿಲು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲ ಎಂಬುದನ್ನು ಮರೆಮಾಚಿ ಅದನ್ನು ಕೊಂಡಾಡುವುದು ತರವಲ್ಲ. ಆ ಕೊರತೆಗೆ ಉತ್ತರ ಕೊಟ್ಟದ್ದು ಮರುಶತಮಾನದ ಬಸವಕಲ್ಯಾಣ. ಅಲ್ಲಿ ಕಾಯಕದವರು, ಹೆಣ್ಣುಮಕ್ಕಳು ಕನ್ನಡದಲ್ಲೇ ತರ್ಕ ನಡೆಸಿದರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮ ನೇರವಾಗಿಯೇ ಪ್ರಶ್ನಿಸಿದಳು. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಇದೇ ದಾರಿಯವರು. ಪರಂಪರೆಯನ್ನು ತರುವುದಾದರೆ ಈ ಪ್ರಶ್ನಿಸುವ ಗುಣವೂ ಜೊತೆಗೆ ಬರಬೇಕು. ವಚನವನ್ನು ಬಾಯಿಪಾಠ ಮಾಡಿಸಿ ಐದು ಅಂಕ ಕೊಡುವ ನಮ್ಮ ಪದ್ಧತಿ ಅದಕ್ಕೆ ವಿರುದ್ಧವಾದುದು.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಶಿಕ್ಷಣಕ್ಕೆ ಹಣ ತೆಗೆದಿರಿಸುತ್ತಿದೆ. ಅದರಲ್ಲಿ ಕಟ್ಟಡಗಳ ಜೊತೆಗೆ ಪ್ರತಿ ಪ್ರೌಢಶಾಲೆಗೆ ಒಬ್ಬ ಗ್ರಂಥಪಾಲಕರ ವೇತನವನ್ನೂ ಸೇರಿಸಬೇಕು. ಹರಿದ ಪುಸ್ತಕಕ್ಕೆ ಶಿಕ್ಷಕರನ್ನು ಹೊಣೆ ಮಾಡುವುದಿಲ್ಲವೆಂದು ಇಲಾಖೆ ಲಿಖಿತ ಆದೇಶ ಹೊರಡಿಸಬೇಕು. ವಾರಕ್ಕೊಂದು ಅವಧಿಯನ್ನು ಓದಿದ್ದರ ಚರ್ಚೆಗೆ, ಅಂಕವಿಲ್ಲದೆ, ಮೀಸಲಿಡಬೇಕು. ಶಾಲಾ ಪ್ರವಾಸವೆಂದರೆ ಮೈಸೂರೇ ಆಗಬೇಕಿಲ್ಲ, ಚಿತ್ತಾಪುರ ತಾಲ್ಲೂಕಿನ ಮಕ್ಕಳನ್ನಾದರೂ ಈ ವರ್ಷ ನಾಗಾವಿಗೆ ಕರೆದೊಯ್ಯಲಿ.

ನಿವೃತ್ತ ಶಿಕ್ಷಕ,
ಚಿತ್ತಾಪುರ, ಕಲಬುರಗಿ ಜಿಲ್ಲೆ