ವಾಲ್ವ್ ಕ್ಲಿನಿಕ್‌ಗೆ ವರ್ಷ ತುಂಬಿತು: ಡಾಕ್ಟರಿಗಿಂತ ಮೊದಲು ಕೆಲಸ ಮಾಡಿದವರಿಗೆ ವಂದನೆ

ಕೃತಕ ಹೃದಯ ಕವಾಟ ಹಾಕಿಸಿಕೊಂಡವರಿಗಾಗಿ ವಾರಕ್ಕೊಮ್ಮೆ ನಡೆಯುವ ನಮ್ಮ ಕ್ಲಿನಿಕ್‌ಗೆ ವರ್ಷ ತುಂಬಿದೆ. ಹಾರ, ಶಾಲು ಎಲ್ಲ ಡಾಕ್ಟರುಗಳ ಪಾಲಿಗೆ ಬಂದವು. ಆದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ಪತ್ತೆ ಮಾಡುವ ಕೆಲಸದಲ್ಲಿ ಡಾಕ್ಟರ ಸರದಿ ಬರುವುದೇ ಕೊನೆಗೆ. ಅದಕ್ಕೂ ಮುಂಚೆ ಕೈ ಹಚ್ಚಿದವರಿಗೆ ಈ ಬರಹ.

ಮೊದಲ ವಂದನೆ ರಕ್ತ ತೆಗೆಯುವ ಸಿಸ್ಟರ್‌ಗಳಿಗೆ ಮತ್ತು ಲ್ಯಾಬಿನವರಿಗೆ. ರಕ್ತ ಹೆಪ್ಪಾಗಲು ಎಷ್ಟು ತಡವಾಗುತ್ತದೆ ಎಂದು ಅಳೆಯುವುದು ಐಎನ್‌ಆರ್ ಪರೀಕ್ಷೆ. ಅದರ ನೀಲಿ ಮುಚ್ಚಳದ ಟ್ಯೂಬಿನಲ್ಲಿ, ಹೆಪ್ಪಾಗಲು ಬೇಕಾದ ಕ್ಯಾಲ್ಸಿಯಂ ಹಿಡಿದಿಡುವ ಸಿಟ್ರೇಟ್ 0.3 ಎಂಎಲ್ ಮೊದಲೇ ಇರುತ್ತದೆ. ಅದಕ್ಕೆ 2.7 ಎಂಎಲ್ ರಕ್ತ ಸೇರಬೇಕು. ಗೆರೆ ಮುಟ್ಟುವ ಮೊದಲೇ ನಿಲ್ಲಿಸಿದರೆ ಸಿಟ್ರೇಟ್ ಹೆಚ್ಚಾಗಿ ಉಳಿಯುತ್ತದೆ. ಪರೀಕ್ಷೆಯ ಹೊತ್ತಿಗೆ ಲ್ಯಾಬಿನಲ್ಲಿ ಸೇರಿಸುವ ಕ್ಯಾಲ್ಸಿಯಂ ಅನ್ನೂ ಅದು ಹಿಡಿದುಕೊಳ್ಳುತ್ತದೆ. ಹೆಪ್ಪಾಗಲು ಹೆಚ್ಚು ಸೆಕೆಂಡು ಬೇಕಾಗುತ್ತದೆ, ಐಎನ್‌ಆರ್ ಸುಳ್ಳೇ ಏರುತ್ತದೆ. ಆ ಅಂಕಿಯನ್ನು ನಂಬಿ ಡಾಕ್ಟರು ಹೆಪ್ಪು ತಡೆಯುವ ಮಾತ್ರೆ ಇಳಿಸುತ್ತಾರೆ. ಇಳಿಸಬಾರದ ಮಾತ್ರೆ ಇಳಿದರೆ ಕವಾಟದಲ್ಲಿ ಹೆಪ್ಪು ಕೂರಲು ದಾರಿಯಾಗುತ್ತದೆ. ತಪ್ಪಾದದ್ದು ಟ್ಯೂಬಿನಲ್ಲಿ, ಅನುಭವಿಸುವುದು ಹೃದಯ.

ಬಟರ್‌ಫ್ಲೈ ಸೂಜಿಯಾದರೆ ಅದರ ನಳಿಕೆಯ ಗಾಳಿಯೇ ಟ್ಯೂಬಿನ ಜಾಗ ತಿನ್ನುತ್ತದೆ. ಹಾಗಾಗಿ ಒಂದು ಟ್ಯೂಬಿಗೆ ಸ್ವಲ್ಪ ರಕ್ತ ಬಿಟ್ಟು ಎಸೆದು, ಆಮೇಲೆ ನೀಲಿ ಟ್ಯೂಬು. ತುಂಬಿದ ಮೇಲೆ ಮೂರು ನಾಲ್ಕು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಕುಲುಕಬಾರದು. ರಕ್ತ ಕಡಿಮೆ ಬಿತ್ತೆಂದು ನೇರಳೆ ಟ್ಯೂಬಿನದನ್ನು ಇದಕ್ಕೆ ಸುರಿಯುವುದಂತೂ ಬೇಡವೇ ಬೇಡ: ಅದರಲ್ಲಿರುವ ಇಡಿಟಿಎ ಕೂಡ ಕ್ಯಾಲ್ಸಿಯಂ ಹಿಡಿಯುವಂಥದ್ದೇ. ಗೆರೆ ಮುಟ್ಟದ ಟ್ಯೂಬನ್ನು ಮುಲಾಜಿಲ್ಲದೆ ವಾಪಸ್ ಕಳಿಸಿದ, ಅದಕ್ಕಾಗಿ ವಾರ್ಡಿನವರಿಂದ ಬೈಸಿಕೊಂಡ ಟೆಕ್ನಿಶಿಯನ್‌ಗಳಿಗೆ ಎರಡು ಪಟ್ಟು ವಂದನೆ.

ಹುಟ್ಟು ಹೃದ್ರೋಗದಿಂದ ತುಟಿ ನೀಲಿಗಟ್ಟಿದವರಲ್ಲಿ ಲೆಕ್ಕ ಇನ್ನೊಂದು ಥರ. ಅವರ ರಕ್ತ ಗಟ್ಟಿ. ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 55 ದಾಟಿದರೆ ಪ್ಲಾಸ್ಮಾ ಕಡಿಮೆಯಾಗಿ, ಗೆರೆ ಮುಟ್ಟಿದರೂ ಸಿಟ್ರೇಟ್ ಹೆಚ್ಚೇ ಆಗುತ್ತದೆ. ಪಿಸಿವಿ 60 ಇದ್ದರೆ 2.7 ಎಂಎಲ್ ರಕ್ತಕ್ಕೆ ಸುಮಾರು 0.2 ಎಂಎಲ್ ಸಿಟ್ರೇಟ್ ಸಾಕು. ಮೊದಲು ಪಿಸಿವಿ ನೋಡಿ, ಬೇರೆ ಟ್ಯೂಬು ಸಿದ್ಧಮಾಡಿ ಕೊಟ್ಟವರನ್ನು ಮರೆಯುವಂತಿಲ್ಲ. ಪರೀಕ್ಷೆಗೆ ಬಳಸುವ ರೀಏಜೆಂಟಿನ ಹೊಸ ಲಾಟ್ ಬಂದಾಗಲೆಲ್ಲ, ಅದು ಎಷ್ಟು ಸೂಕ್ಷ್ಮ ಎಂದು ಹೇಳುವ ಐಎಸ್‌ಐ ಅಂಕಿಯನ್ನು ಮೆಷಿನ್ನಿಗೆ ಹಾಕಿದವರನ್ನೂ. ಹಳೆಯ ಅಂಕಿ ಹಾಗೇ ಉಳಿದರೆ ಆ ದಿನದ ಎಲ್ಲರ ಐಎನ್‌ಆರ್ ಒಟ್ಟಿಗೇ ಓರೆಯಾಗುತ್ತದೆ.

ಕ್ಷಯ ವಿಭಾಗದವರಿಗೆ ಒಂದು ಮಾತು. ಕ್ಷಯದ ಔಷಧಿ ರಿಫಾಂಪಿಸಿನ್ ಶುರುವಾದರೆ ಹೆಪ್ಪು ತಡೆಯುವ ವಾರ್ಫರಿನ್, ಅಸಿಟ್ರಾಮ್ ಮಾತ್ರೆಗಳ ಬಲ ಕುಗ್ಗುತ್ತದೆ, ನಿಲ್ಲಿಸಿದ ಕೆಲವು ವಾರಗಳಲ್ಲಿ ಮತ್ತೆ ಏರುತ್ತದೆ. ಎರಡೂ ಸಲ ನೀವು ತಿಳಿಸಿದ್ದರಿಂದ ಡೋಸು ಹೊಂದಿಸಲು ಆಯಿತು.

ಇನ್ನು ಮನೆಯವರು. ಮಲಗಿದಾಗ ಕೇಳುತ್ತಿದ್ದ ಕವಾಟದ ‘ಟಿಕ್ ಟಿಕ್’ ಸದ್ದು ಮಂಕಾಗಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಎಂದು ಫೋನ್ ಮಾಡಿದ ಹೆಂಡತಿ ಮಕ್ಕಳು ಅರ್ಧ ಡಯಾಗ್ನೋಸಿಸ್ ಮಾಡಿ ಮುಗಿಸಿರುತ್ತಾರೆ. ಕೀಲಿನಲ್ಲಿ ಕಲ್ಲು ಸಿಕ್ಕ ಗೇಟಿನಂತೆ, ಹೆಪ್ಪು ಸಿಕ್ಕ ಕವಾಟದ ಬಿಲ್ಲೆ ಪೂರ್ತಿ ತೆರೆಯದು, ಪೂರ್ತಿ ಮುಚ್ಚದು. ಮಾತ್ರೆ ತಪ್ಪಿದ್ದು ಯಾವ ದಿನ ಎಂದು ಮುಚ್ಚಿಡದೆ ಹೇಳಿದ್ದೂ ದೊಡ್ಡದು. ದಿಢೀರನೆ ಬಂದ ಏದುಸಿರು, ಜೊತೆಗೆ ಇಳಿದ ಐಎನ್‌ಆರ್ ಎಂದರೆ ಹೆಪ್ಪಿನ ಕಡೆ ಅನುಮಾನ. ವರ್ಷಗಟ್ಟಲೆ ನಿಧಾನ ಏರಿದ ತೊಂದರೆಯಾದರೆ ಕವಾಟದ ಸುತ್ತ ಅಂಗಾಂಶ ಬೆಳೆದಿರಬಹುದು. ಹೆಪ್ಪನ್ನು ಔಷಧಿ ಕರಗಿಸಬಹುದು, ಅಂಗಾಂಶವನ್ನು ಕರಗಿಸದು.

ಎಕೋ (ಹೃದಯದ ಅಲ್ಟ್ರಾಸೌಂಡ್) ಕೋಣೆಯವರು ಒಂದು ಸಣ್ಣ ಶಿಸ್ತು ಬಿಡಲಿಲ್ಲ: ಗ್ರೇಡಿಯಂಟ್, ಅಂದರೆ ಕವಾಟದ ಎರಡು ಬದಿಯ ಒತ್ತಡದ ವ್ಯತ್ಯಾಸ, ಅದರ ಪಕ್ಕದಲ್ಲೇ ಹೃದಯ ಬಡಿತ ಬರೆಯುವುದು. ಮೈಟ್ರಲ್ ಜಾಗದ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ) ಕೃತಕ ಕವಾಟದಲ್ಲಿ ಸರಾಸರಿ ಗ್ರೇಡಿಯಂಟ್ 5ರ ಒಳಗಿದ್ದರೆ ಸಾಮಾನ್ಯ, 10 ದಾಟಿದರೆ ಅಡಚಣೆಯ ಶಂಕೆ. ಆದರೆ ಜ್ವರವೋ ರಕ್ತಹೀನತೆಯೋ ಇದ್ದು ಬಡಿತ 120ಕ್ಕೆ ಹೋದರೆ ಕವಾಟ ಚೆನ್ನಾಗಿದ್ದರೂ ಅಂಕಿ ಏರುತ್ತದೆ. ಬಡಿತ ಬರೆಯದ ಗ್ರೇಡಿಯಂಟ್‌ನಿಂದ ಉಪಯೋಗಕ್ಕಿಂತ ಗಾಬರಿಯೇ ಹೆಚ್ಚು.

ಎದೆಯ ಮೇಲಿನಿಂದ ಎಕೋ ನೋಡಿದರೆ ಕವಾಟದ ಲೋಹದ ನೆರಳು ಎಡ ಹೃತ್ಕರ್ಣವನ್ನು ಮರೆಮಾಡುತ್ತದೆ. ಅನ್ನನಾಳ ಆ ಕೋಣೆಯ ಬೆನ್ನಿಗೇ ಇರುವುದರಿಂದ ಟಿಇಇ, ಅಂದರೆ ನಳಿಕೆ ನುಂಗಿಸಿ ಅನ್ನನಾಳದ ಒಳಗಿನಿಂದ ನೋಡುವ ಎಕೋ, ಮಾಡಬೇಕಾಗುತ್ತದೆ. ಆರು ಗಂಟೆ ಊಟ ಬಿಡಿಸಿ, ಕಟ್ಟಿಸಿದ ಹಲ್ಲು ಬಿಚ್ಚಿಸಿ, ಗಂಟಲಿಗೆ ಸ್ಪ್ರೇ ಹೊಡೆದು, ‘ನುಂಗಿ ಅಜ್ಜಿ, ಇನ್ನೊಂದ್ಸಲ ನುಂಗಿ’ ಎಂದು ಕೈ ಹಿಡಿದು ಕೂತ ಆಯಾಗಳ ಹೆಸರು ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ.

ಕ್ಯಾಥ್‌ಲ್ಯಾಬಿನ ಟೆಕ್ನಿಶಿಯನ್‌ಗಳಿಗೂ ವಂದನೆ. ಫ್ಲೋರೋಸ್ಕೋಪಿಗೆ (ಚಲಿಸುವ ಎಕ್ಸ್‌ರೇ ಚಿತ್ರಕ್ಕೆ) ಡೈ ಬೇಡ, ಚುಚ್ಚುವುದು ಬೇಡ. ಎರಡು ಬಿಲ್ಲೆಗಳೂ ಅಂಚಿನಿಂದ ಗೆರೆಗಳ ಹಾಗೆ ಕಾಣುವ ಕೋನ ಸಿಕ್ಕಿದರೆ ಯಾವುದು ಸಿಕ್ಕಿಹಾಕಿಕೊಂಡಿದೆ ಎಂಬುದು ಕಣ್ಣೆದುರೇ ಇರುತ್ತದೆ. ಆ ಕೋನ ಹುಡುಕುವ ತಾಳ್ಮೆ ನಿಮ್ಮದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ, 1990ರಲ್ಲಿ ಮೊದಲು ಅಳವಡಿಸಿದ ಚಿತ್ರಾ ಕವಾಟಕ್ಕೆ ಮಾತ್ರ ಈ ಉಪಾಯ ನಡೆಯದು. ಅದರ ಒಂಟಿ ಬಿಲ್ಲೆ ಪಾಲಿಥಿಲೀನಿನದು, ಎಕ್ಸ್‌ರೇಗೆ ಕಾಣದು. ಅಲ್ಲಿ ಎಕೋವನ್ನೇ ನಂಬಬೇಕು.

ಆದ್ದರಿಂದ ಎಲ್ಲರಲ್ಲೂ ಒಂದು ಕೋರಿಕೆ. ಯಾವ ಕಂಪನಿಯ, ಯಾವ ಸೈಜಿನ ಕವಾಟ, ಯಾವ ಜಾಗದಲ್ಲಿದೆ ಎಂದು ಬರೆದ ಕಾರ್ಡನ್ನು ಐಎನ್‌ಆರ್ ಪುಸ್ತಕಕ್ಕೆ ಪಿನ್ ಮಾಡಿ ತನ್ನಿ. ಕಳೆದಿದ್ದರೆ ಆಪರೇಷನ್ ಆದ ಆಸ್ಪತ್ರೆಯ ಡಿಸ್ಚಾರ್ಜ್ ಸಮರಿಯ ಜೆರಾಕ್ಸ್ ಆದರೂ ನಡೆಯುತ್ತದೆ.