ತೋಟಾವನ್ನು ತೋಟ ಮಾಡಿದವರಿಗೆ ಒಂದು ದೂರು ಪತ್ರ

ಧಾರವಾಡ
ಮೇ 26

ಇವರಿಗೆ,
ವ್ಯವಸ್ಥಾಪಕರು,
ಕನ್ನಡ ಅನುವಾದ ವಿಭಾಗ,
ಬೆಂಗಳೂರು

ವಿಷಯ: ಬೇಟೆ ರೈಫಲ್‌ಗಳ ಸಪ್ರೆಸರ್ ಕೈಪಿಡಿಯ ಅನುವಾದಕ್ಕೆ 69 ದಿನವಾದರೂ ಬಾರದ ಹಣ, ಮತ್ತು ನನ್ನ ಹೆಸರು ಹಾಕಿ ಹೊರಬಿಟ್ಟ ತಪ್ಪು ಬರಹ

ಮಾನ್ಯರೆ,

ಮಾರ್ಚ್ 3ರಂದು ನಿಮ್ಮ ಕೋಆರ್ಡಿನೇಟರ್ ಫೋನ್ ಮಾಡಿ, "ಮೇಡಂ, ಒಂದು ಸೈಲೆನ್ಸರ್ ಕೈಪಿಡಿ ಇದೆ, ಸ್ವಲ್ಪ ಅರ್ಜೆಂಟು" ಎಂದರು. ಬೈಕಿನ ಸೈಲೆನ್ಸರ್ ಇರಬೇಕು ಅಂದುಕೊಂಡು ಒಪ್ಪಿದೆ. ಫೈಲ್ ತೆರೆದರೆ ಹಿಮ, ಕಡವೆ, ರೈಫಲ್! ಯುರೋಪಿನ ತಯಾರಕರೊಬ್ಬರು ಯಾವ ರೈಫಲ್‌ಗೆ ಯಾವ ಸಪ್ರೆಸರ್ (ನಳಿಗೆಯ ತುದಿಗೆ ಹಾಕಿ ಸದ್ದು ತಗ್ಗಿಸುವ ಸಾಧನ) ಆರಿಸಬೇಕು ಎಂದು ಬರೆದ ಪುಸ್ತಿಕೆ. ಕನ್ನಡದಲ್ಲಿ ಇದನ್ನು ಯಾರು ಓದುತ್ತಾರೆ ಎಂದು ಕೇಳಿದೆ. "ಗ್ರಾಹಕರು ಎಲ್ಲ ಭಾಷೆಗೂ ಟಿಕ್ ಹಾಕಿದ್ದಾರೆ ಮೇಡಂ" ಎಂದರು. ಸರಿ, ಕೆಲಸ ಕೆಲಸವೇ ಅಲ್ವಾ.

ಒಟ್ಟು 9,400 ಪದ. ಪದಕ್ಕೆ ಒಂದೂವರೆ ರೂಪಾಯಿಯಂತೆ 14,100 ರೂಪಾಯಿ. ಮಾರ್ಚ್ 17ಕ್ಕೆ ಕೆಲಸ ಮುಗಿಸಿಕೊಟ್ಟೆ, 18ಕ್ಕೆ ಬಿಲ್ ಕಳಿಸಿದೆ. ನಿಮ್ಮದೇ ಕರಾರಿನಂತೆ 30 ದಿನದಲ್ಲಿ ಹಣ ಬರಬೇಕಿತ್ತು. ಮೂರು ಸಲ ನೆನಪಿಸಿದ ಮೇಲೆ ಬಂದದ್ದು ಹಣವಲ್ಲ, ಒಂದು "ಗುಣಮಟ್ಟ ವರದಿ". ನನ್ನ ಅನುವಾದದಲ್ಲಿ 212 ತಪ್ಪುಗಳಿವೆಯಂತೆ. ಅದಕ್ಕೇ ಪಾವತಿ ತಡೆದಿದ್ದೀರಂತೆ.

ಆ ವರದಿಯನ್ನು ಕೂತು ಓದಿದೆ. ಮನುಷ್ಯರು ಮಾಡಿದ್ದಲ್ಲ ಎಂದು ಮೊದಲ ಪುಟಕ್ಕೇ ಗೊತ್ತಾಯಿತು. ನಾನು "ತೋಟಾ" (ಬಂದೂಕಿಗೆ ತುಂಬುವ ಮದ್ದುಗುಂಡು) ಎಂದು ಬರೆದ ಕಡೆಯೆಲ್ಲ "ತೋಟ" ಎಂದು ತಿದ್ದಿದೆ. "ತೋಟವನ್ನು ನಳಿಗೆಗೆ ತುಂಬಿ" ಎಂಬ ವಾಕ್ಯ ಈಗ ನಿಮ್ಮ ಗ್ರಾಹಕರ ಸೈಟಿನಲ್ಲಿದೆ. ಟ್ರಿಗರ್‌ಗೆ "ಕುದುರೆ" ಎಂದಲ್ಲಿ "ಪ್ರಾಣಿಯ ಹೆಸರು, ಸಂದರ್ಭಕ್ಕೆ ಹೊಂದದು" ಎಂಬ ಟಿಪ್ಪಣಿ. ಮ್ಯಾಗಜೀನ್ ನಿಯತಕಾಲಿಕೆಯಾಗಿದೆ, ಅದರಲ್ಲಿ ಐದು ಗುಂಡು ಹಿಡಿಸುತ್ತವಂತೆ! ಕೈಯಿಂದ ಹಿಂದೆ ಮುಂದೆ ಸರಿಸಿ ಗುಂಡು ತುಂಬುವ ಬೋಲ್ಟ್ ಆ್ಯಕ್ಷನ್ "ಮಿಂಚಿನ ಕ್ರಿಯೆ" ಆಗಿದೆ. ಸಪ್ರೆಸರ್ "ದಮನಕಾರಿ" ಆಗಿದೆ.

ನಾನು ಬಂದೂಕು ಮುಟ್ಟಿದವಳಲ್ಲ. ಅದಕ್ಕೇ ಗೊತ್ತಿದ್ದವರನ್ನು ಕೇಳಿಕೊಂಡು ಬರೆದೆ. ಹಾವೇರಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಕಾಕಾ ಇದ್ದಾರೆ. ಬೆಳೆ ಕಾಯಲು ಲೈಸನ್ಸ್ ಪಡೆದ ಹಳೆಯ ಜೋಡು ನಳಿಗೆಯ ಬಂದೂಕು ಅವರ ಮನೆಯಲ್ಲಿದೆ. ಎಲೆಕ್ಷನ್ ಬಂದಾಗಲೆಲ್ಲ ಅದು ಠಾಣೆಗೆ ಹೋಗಿ ಕೂರುತ್ತದೆ. ಕಾಡುಹಂದಿಗಳಿಗೆ ಮಾತ್ರ ಯಾವ ನೀತಿ ಸಂಹಿತೆಯೂ ಇಲ್ಲ. ಟ್ರಿಗರ್‌ಗೆ ಏನಂತೀರಿ ಎಂದು ಕೇಳಿದ್ದಕ್ಕೆ ಕಾಕಾ, "ಕುದರಿ ಅಂತೀವಿ ಯವ್ವಾ, ನಮ್ಮಪ್ಪನೂ ಹಂಗ ಅಂತಿದ್ದ" ಎಂದರು. ಹುಬ್ಬಳ್ಳಿಯ ಲೇತ್ ಅಂಗಡಿಯೊಂದಕ್ಕೂ ಹೋಗಿ, ನಳಿಗೆಯ ತುದಿಗೆ ಕೊರೆಯುವ ಥ್ರೆಡ್‌ಗೆ ಕನ್ನಡದಲ್ಲಿ ಬೇರೆ ಮಾತಿದೆಯೇ ಎಂದು ವಿಚಾರಿಸಿದೆ. "ಥ್ರೆಡ್ಡಿಗೆ ಥ್ರೆಡ್ ಅನ್ನೋದರೀ ಮೇಡಂ, ಮತ್ತೇನಂತಾರ?" ಎಂದು ಮಿಸ್ತ್ರಿ ನಕ್ಕರು. ಹಾಗೇ ಬರೆದೆ. ನೀವು ಅದನ್ನು "ದಾರ" ಮಾಡಿದ್ದೀರಿ. ನಳಿಗೆಯ ತುದಿಯಲ್ಲಿ 14 ಮಿ.ಮೀ. ದಾರ ಇರಬೇಕಂತೆ. ಸಪ್ರೆಸರ್ ಕಟ್ಟಲಿಕ್ಕೋ?

ಇಷ್ಟೇ ಆಗಿದ್ದರೆ ನಕ್ಕು ಸುಮ್ನಿರುತ್ತಿದ್ದೆ. ನನ್ನ ನಿದ್ದೆ ಕೆಡಿಸಿದ್ದು ಬೇರೆ ತಿದ್ದುಪಡಿಗಳು.

ಇಡೀ ಪುಸ್ತಿಕೆಯ ಜೀವ ಇರುವುದು ಒಂದು ಮಾತಿನಲ್ಲಿ: ದೊಡ್ಡ ಕ್ಯಾಲಿಬರ್‌ನ (ಕ್ಯಾಲಿಬರ್ ಎಂದರೆ ಗುಂಡಿನ ದಪ್ಪದ ಅಳತೆ) ಸಪ್ರೆಸರ್ ಸಣ್ಣ ಕ್ಯಾಲಿಬರ್‌ಗೆ ನಡೆಯಬಹುದು, ಸಣ್ಣದು ದೊಡ್ಡದಕ್ಕೆ ಎಂದೂ ನಡೆಯದು. 308 ಎಂಬ ಕ್ಯಾಲಿಬರ್‌ಗೆ ಮಾಡಿದ್ದನ್ನು, ಅದು ತಡೆಯುವ ಒತ್ತಡವನ್ನು ನೋಡಿಕೊಂಡು, 6.5 ಮಿ.ಮೀ. ಅಥವಾ 243ರ ರೈಫಲ್‌ಗೆ ಹಾಕಬಹುದು. ತೂತು ದೊಡ್ಡದಾದ್ದರಿಂದ ಸದ್ದು ತುಸು ಜಾಸ್ತಿ ಇರುತ್ತದೆ, ಅಷ್ಟೇ. ಉಲ್ಟಾ ಮಾಡಿದರೆ? 22 ರಿಮ್‌ಫೈರ್ ಎಂಬ ಸಣ್ಣ ತೋಟಾದ ಗುಂಡಿನ ದಪ್ಪ ಸುಮಾರು 5.7 ಮಿ.ಮೀ., 308ರದ್ದು ಸುಮಾರು 7.8. ಸಣ್ಣ ತೂತಿನಲ್ಲಿ ದೊಡ್ಡ ಗುಂಡು ಹೇಗೆ ಹೊರಗೆ ಹೋದೀತು? ಅದೂ ಅಲ್ಲದೆ 22ಕ್ಕೆ ಮಾಡುವ ಸಪ್ರೆಸರ್‌ಗಳು ಹೆಚ್ಚಾಗಿ ಹಗುರವಾದ ಅಲ್ಯೂಮಿನಿಯಂನವು. ಸೀಸದ ಮಸಿ ಜಾಸ್ತಿ ಹಿಡಿಯುತ್ತದೆ ಎಂದು ಬಿಚ್ಚಿ ತೊಳೆಯುವ ಹಾಗೆ ಮಾಡಿರುತ್ತಾರೆ. ದೊಡ್ಡ ರೈಫಲ್‌ನ ಒತ್ತಡಕ್ಕೆ ಹೆಚ್ಚಾಗಿ ಉಕ್ಕು ಅಥವಾ ಟೈಟಾನಿಯಂ ಬಳಸುತ್ತಾರೆ. ನಳಿಗೆ ಗಿಡ್ಡವಾದಷ್ಟೂ ಬಾಯಿಯ ಬಳಿ ಒತ್ತಡ ಏರುತ್ತದೆ. ಅದಕ್ಕೇ ತಯಾರಕರು ಕನಿಷ್ಠ ನಳಿಗೆ ಉದ್ದವನ್ನೂ ಬರೆದಿರುತ್ತಾರೆ.

ನಾನು ಎರಡು ಪುಟ ಬೆವರು ಸುರಿಸಿ ಬರೆದ ಈ ಭಾಗವನ್ನು ನಿಮ್ಮವರು "ಓದಲು ಸರಳ" ಮಾಡಿದ್ದಾರೆ. ಈಗ ಒಂದೇ ಸಾಲು ಇದೆ: "ಸಣ್ಣದು, ದೊಡ್ಡದು ಎರಡೂ ಎಲ್ಲ ರೈಫಲ್‌ಗಳಿಗೆ ಹೊಂದುತ್ತವೆ." ಇದನ್ನು ನಂಬಿ ಯಾರಾದರೂ ಕುದುರೆ ಎಳೆದರೆ ಅವರ ಮುಖದ ಗತಿ ಏನು? ಆ ಸಾಲಿನ ಕೆಳಗೆ ಅನುವಾದಕಿ ಎಂದು ನನ್ನ ಹೆಸರಿದೆ.

ಇನ್ನೊಂದು ನೋಡಿ. ಸಪ್ರೆಸರ್ ಹಾಕಿದಾಗ ಗುಂಡು ಬೀಳುವ ಜಾಗ ತುಸು ಆಚೀಚೆಯಾಗುತ್ತದೆ, ಹಾಗಾಗಿ ಗುರಿಯನ್ನು ಮತ್ತೆ ಹೊಂದಿಸಬೇಕು. ನಾನು ಬರೆದದ್ದು "ಗುರಿ ಸರಿಯುತ್ತದೆ". ನೀವು ಮಾಡಿದ್ದು "ಗುರಿ ಸರಿಯಾಗುತ್ತದೆ". ಒಂದಕ್ಷರ ಹೆಚ್ಚಿಸಿ ಅರ್ಥವನ್ನೇ ತಲೆಕೆಳಗು ಮಾಡಿದ್ದೀರಿ.

ಸದ್ದಿನ ಮಾತಂತೂ ಕೇಳುವುದೇ ಬೇಡ. 1909ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್ ಇದನ್ನು ಸೈಲೆನ್ಸರ್ ಎಂದೇ ಮಾರಿದ. ಆ ಹೆಸರಿನಿಂದಲೇ ಜನರಿಗೆ ಸದ್ದು ಪೂರ್ತಿ ಅಡಗುತ್ತದೆ ಎಂಬ ಭ್ರಮೆ. ಅದು ಮಾಡುವುದು ಇಷ್ಟೇ: ಗುಂಡಿನ ಹಿಂದೆ ನುಗ್ಗುವ ಬಿಸಿ ಗಾಳಿಯನ್ನು ಒಳಗಿನ ಅಡ್ಡತಟ್ಟೆಗಳಲ್ಲಿ ತಡೆದು, ತಣಿಸಿ, ನಿಧಾನಕ್ಕೆ ಬಿಡುವುದು. ದೊಡ್ಡ ಬೇಟೆ ರೈಫಲ್‌ನ ಸದ್ದು 160 ಡೆಸಿಬಲ್ ದಾಟುತ್ತದೆ. ಒಳ್ಳೆಯ ಸಪ್ರೆಸರ್ ಅದರಲ್ಲಿ 20ರಿಂದ 30 ಇಳಿಸಬಹುದು. 140ರ ಮೇಲಿನ ಒಂದೇ ಹೊಡೆತವೂ ಕಿವಿಗೆ ಅಪಾಯ. ಇದರ ಮೇಲೆ, 308ರ ಗುಂಡು ಸೆಕೆಂಡಿಗೆ 800 ಮೀಟರ್ ಆಸುಪಾಸಿನಲ್ಲಿ ಹೋಗುತ್ತದೆ, ಸದ್ದಿನ ವೇಗ ಸುಮಾರು 343. ಹಾಗಾಗಿ ಗುಂಡು ಗಾಳಿ ಸೀಳುವ ಚಟ್ ಎಂಬ ಸದ್ದನ್ನು ಯಾವ ಸಪ್ರೆಸರ್ ಕೂಡ ತಡೆಯಲಾರದು. ಅದಕ್ಕೇ ಮೂಲದಲ್ಲಿ "ಕಿವಿಗೆ ರಕ್ಷಣೆ ಹಾಕಿಕೊಳ್ಳಿ" ಎಂದಿತ್ತು. ನಿಮ್ಮ ಬರಹದಲ್ಲಿ "ಸದ್ದೇ ಇರುವುದಿಲ್ಲ" ಎಂದಿದೆ, ಕಿವಿಯ ಮಾತು ಮಾಯ.

ಕೊನೆಗೆ ನಾನು ಸೇರಿಸಿದ್ದ ಎಚ್ಚರಿಕೆಯ ವಿಷಯ. ನಾರ್ವೆ, ಫಿನ್ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ಸಪ್ರೆಸರ್ ಬೇಟೆಗಾರರ ಮಾಮೂಲಿ ಸಾಮಾನು. ನಮ್ಮಲ್ಲಿ ಹಾಗಲ್ಲ. 1972ರ ವನ್ಯಜೀವಿ ಕಾಯ್ದೆಯಂತೆ ಈಗ ಮೋಜಿನ ಬೇಟೆಗೆ ಅವಕಾಶವಿಲ್ಲ. ಸದ್ದಡಗಿಸುವ ಸಾಧನವೂ ಕಾಕಾನಂಥವರ ಲೈಸನ್ಸ್ ತೋರಿಸಿ ಕೊಳ್ಳುವ ವಸ್ತುವಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಇರುವ ಜಿಲ್ಲೆಯಲ್ಲಿ ಕನ್ನಡದ ಈ ಪುಸ್ತಿಕೆ ಯಾರ ಮೊಬೈಲಿಗೆ ಹೋದೀತು, ಯೋಚಿಸಿ. ಅದಕ್ಕೇ ನಿಮ್ಮ ಕೋಆರ್ಡಿನೇಟರ್ ಒಪ್ಪಿಗೆ ಪಡೆದೇ ಮೊದಲ ಪುಟದಲ್ಲಿ ನಾಲ್ಕು ಸಾಲಿನ ಎಚ್ಚರಿಕೆ ಸೇರಿಸಿದ್ದೆ. ಅದನ್ನು ತೆಗೆದುಹಾಕಿದ್ದೀರಿ. ವರದಿಯಲ್ಲಿ ಕಾರಣ: "ಮೂಲದಲ್ಲಿಲ್ಲ." ತೋಟ ಮೂಲದಲ್ಲಿತ್ತೇ?

ಜೂನ್ 10ರೊಳಗೆ 14,100 ರೂಪಾಯಿ ನನ್ನ ಖಾತೆಗೆ ಬರಬೇಕು. ನನ್ನ ಹೆಸರನ್ನು ಆ ಬರಹದಿಂದ ಇವತ್ತೇ ತೆಗೆಯಬೇಕು. ಬರಹವನ್ನು ಇಟ್ಟುಕೊಳ್ಳುವುದಾದರೆ ನಾನು ಕಳಿಸಿದ್ದನ್ನು ಎಚ್ಚರಿಕೆ ಸಮೇತ ಹಾಕಿ, ಇಲ್ಲವೇ ಪೂರ್ತಿ ಇಳಿಸಿ. ಒಬ್ಬರ ಬರಹವನ್ನು ಅವರ ಹೆಸರು ಕೆಡುವಂತೆ ತಿರುಚುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೂ ಅಡ್ಡಿ ಇದೆ.

ನನಗೆ ಉದ್ಯಮ್ ನೋಂದಣಿ ಇದೆ, ನಂಬರ್ ಬಿಲ್‌ನಲ್ಲೇ ಇದೆ. 2006ರ ಸಣ್ಣ ಉದ್ದಿಮೆಗಳ ಕಾಯ್ದೆಯಂತೆ ಕರಾರು ಏನೇ ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ. ಇಂಥ ದೂರುಗಳಿಗೆಂದು ಸರ್ಕಾರ ತೆರೆದ ಪೋರ್ಟಲ್‌ನ ಹೆಸರು ಸಮಾಧಾನ್. ಸದ್ಯ ನನ್ನ ಹತ್ತಿರ ಅದೊಂದು ಇಲ್ಲ.

ಬಿಲ್, ಕರಾರಿನ ಪ್ರತಿ, ನಾನು ಕಳಿಸಿದ ಫೈಲ್ ಮತ್ತು ಈಗ ಸೈಟಿನಲ್ಲಿರುವ ಪುಟಗಳ ಫೋಟೋ ಲಗತ್ತಿಸಿದ್ದೇನೆ. ಫೋನ್ ಮಾಡುವುದಾದರೆ ಮಧ್ಯಾಹ್ನ 3ರ ಮೇಲೆ ಮಾಡಿ. ಬರೆದು ತಿಳಿಸಿದರೆ ಇನ್ನೂ ಒಳ್ಳೆಯದು. ಆ ಪತ್ರವನ್ನು ಮಾತ್ರ ದಯವಿಟ್ಟು ಮನುಷ್ಯರ ಕೈಲಿ ಬರೆಸಿ.

ಇತಿ,
ನಿಮ್ಮ ಧಾರವಾಡದ ಅನುವಾದಕಿ