ವಂಚನೆ ಕನ್ನಡದಲ್ಲಿ, ಎಚ್ಚರಿಕೆ ಇಂಗ್ಲಿಷಿನಲ್ಲಿ

ಮಾನ್ಯ ಸಂಪಾದಕರೇ,

ನಮ್ಮ ಬೀದಿಯ ನಿವೃತ್ತ ಶಿಕ್ಷಕಿಯೊಬ್ಬರು ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಆನ್‌ಲೈನ್ ಮಳಿಗೆಯಲ್ಲಿ ಬಟ್ಟೆಗೆ ಹಣ ಕಟ್ಟಿ ಪಾರ್ಸೆಲ್ಲಿನ ದಾರಿ ಕಾಯುತ್ತಿದ್ದಾಗ, ‘ನಿಮ್ಮ ವಿಳಾಸ ಅಪೂರ್ಣವಾಗಿದೆ, ಮತ್ತೆ ತಲುಪಿಸಲು 5 ರೂಪಾಯಿ ಪಾವತಿಸಿ’ ಎಂಬ ಸಂದೇಶ ಅದೇ ಮಳಿಗೆಯ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬಂತು. ಕಾಗುಣಿತದ ಒಂದು ತಪ್ಪೂ ಇಲ್ಲದ ಕನ್ನಡ. ಅವರು ಲಿಂಕ್ ಒತ್ತಿ ಕಾರ್ಡಿನ ವಿವರ ತುಂಬಿದರು, ಬಂದ ಒಟಿಪಿಯನ್ನೂ ತುಂಬಿದರು. ಖಾತೆಯಿಂದ ಹೋದದ್ದು 18,000 ರೂಪಾಯಿ. ಒಟಿಪಿ ಎಷ್ಟು ಮೊತ್ತಕ್ಕೆ ಎಂಬುದನ್ನು ಬ್ಯಾಂಕು ಆ ಸಂದೇಶದಲ್ಲೇ ಬರೆದಿತ್ತು. ಆದರೆ ಬರೆದದ್ದು ಇಂಗ್ಲಿಷಿನಲ್ಲಿ, ಹಾಗಾಗಿ ಆರು ಅಂಕಿಗಳ ಆಚೆಗೆ ಅವರ ಕಣ್ಣು ಹೋಗಲಿಲ್ಲ.

ತಪ್ಪು ಭಾಷೆಯಿಂದ ವಂಚಕರನ್ನು ಗುರುತಿಸಿ ಎಂಬ ಹಳೆಯ ಸಲಹೆ ಇನ್ನು ಕೆಲಸಕ್ಕೆ ಬಾರದು. ನೋಡಬೇಕಾದದ್ದು ಲಿಂಕಿನ ವಿಳಾಸವನ್ನು. ಮಳಿಗೆಯ ಹೆಸರು ಅದರಲ್ಲಿ ಎಲ್ಲೋ ಒಂದು ಕಡೆ ಇದ್ದರೆ ಸಾಲದು. ಮೊದಲ ಒಂಟಿ ಓರೆಗೆರೆಗೆ (/) ತೀರ ಹಿಂದೆಯೇ ಇರುವ ‘ಡಾಟ್ ಇನ್’ ಅಥವಾ ‘ಡಾಟ್ ಕಾಮ್’ಗೆ ತಗುಲಿಕೊಂಡು, ಹೆಚ್ಚುವರಿ ಅಕ್ಷರವಿಲ್ಲದೆ ಇರಬೇಕು. ‘ಅಮೆಜಾನ್ ಡಾಟ್ ಇನ್’ ಸರಿ. ‘ಅಮೆಜಾನ್ ಡಾಟ್ ರೀಫಂಡ್‌ಡೆಸ್ಕ್ ಡಾಟ್ ಕಾಮ್’ ಎಂದಿದ್ದರೆ ಆ ತಾಣದ ಒಡೆಯರು ಬೇರೆ ಯಾರೋ. ಇಷ್ಟು ಪರೀಕ್ಷಿಸುವ ವ್ಯವಧಾನವಿಲ್ಲದವರು ಲಿಂಕನ್ನು ಮುಟ್ಟದೆ, ಮಳಿಗೆಯ ಆ್ಯಪ್ ತೆರೆದು ‘ನನ್ನ ಆರ್ಡರ್‌ಗಳು’ ವಿಭಾಗ ನೋಡಿದರೆ ಸಾಕು. ಮನೆಯ ವಿಳಾಸದಲ್ಲಿ ನಿಜವಾಗಿ ತೊಡಕಿದ್ದರೆ ಅಲ್ಲಿಯೂ ಕಾಣುತ್ತದೆ. ಎಸ್‌ಎಂಎಸ್ ಆಗಿದ್ದರೆ ಇನ್ನೊಂದು ಗುರುತುಂಟು: ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2025ರಲ್ಲಿ ತಂದ ತಿದ್ದುಪಡಿಯಂತೆ, ಸಂಸ್ಥೆಗಳ ಸಂದೇಶದಲ್ಲಿ ಕಳಿಸಿದವರ ಹೆಸರಿನ ಕೊನೆಗೆ ಸೇವೆಗೆ ‘ಎಸ್’, ಪ್ರಚಾರಕ್ಕೆ ‘ಪಿ’ ಮುಂತಾದ ಅಕ್ಷರಗಳಿರುತ್ತವೆ. ಹತ್ತಂಕಿಯ ಸಾಮಾನ್ಯ ಮೊಬೈಲ್ ಸಂಖ್ಯೆಯಿಂದ ‘ಮಳಿಗೆ’ ಬರೆದರೆ ನಂಬಬಾರದು. ಹಣ ವಾಪಸು ಪಡೆಯಲು ಯುಪಿಐ ಪಿನ್ ಒತ್ತಿ ಎನ್ನುವವರ ಮಾತಂತೂ ಶುದ್ಧ ಸುಳ್ಳು; ಪಿನ್ ಬೇಕಾಗುವುದು ಹಣ ಕೊಡಲು.

ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಗುಟ್ಟಿನ ವಿವರ ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟವೆಲ್ಲ ಅವರದ್ದೇ. ಆದ್ದರಿಂದ ತಡಮಾಡದೆ ಬ್ಯಾಂಕಿಗೂ ಸೈಬರ್ ವಂಚನೆಯ ದೂರಿಗಿರುವ 1930 ಸಹಾಯವಾಣಿಗೂ ಕರೆ ಮಾಡಬೇಕು. ನಮ್ಮ ಶಿಕ್ಷಕಿ ನಾಚಿಕೆಯಿಂದ ಎರಡು ದಿನ ಮನೆಯವರಿಗೂ ಹೇಳಿರಲಿಲ್ಲ. ಓದಿಸಿದವರಿಗೇ ಓದಲು ಬರಲಿಲ್ಲವೆಂದು ಯಾರಾದರೂ ಆಡಿಕೊಂಡಾರು ಎಂಬ ಅಂಜಿಕೆ ಅವರಿಗೆ.

ಎಲ್ಲ ಹೊಣೆಯನ್ನೂ ಗ್ರಾಹಕರ ಜಾಣ್ಮೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಎಟಿಎಂ ಯಂತ್ರ ಕಾರ್ಡ್ ಹಾಕಿದೊಡನೆ ಯಾವ ಭಾಷೆ ಬೇಕೆಂದು ಕೇಳುತ್ತದೆ. ಅದೇ ಬ್ಯಾಂಕುಗಳು ಒಟಿಪಿ ಸಂದೇಶಕ್ಕೂ ಭಾಷೆಯ ಆಯ್ಕೆ ಕೊಟ್ಟು, ‘ಇದನ್ನು ಕೊಟ್ಟರೆ ನಿಮ್ಮ ಖಾತೆಯಿಂದ 18,000 ರೂಪಾಯಿ ಹೋಗುತ್ತದೆ’ ಎಂಬ ಸಾಲನ್ನು ಅಂಕಿಗಳಿಗಿಂತ ಮೊದಲು ಕನ್ನಡದಲ್ಲಿ ಬರೆಯಬೇಕೆಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಇತಿ,
ಒಬ್ಬ ಓದುಗ, ದಾವಣಗೆರೆ